ಗೆಂಡೆಹಳ್ಳಿಯ ಓಡಾಟಕ್ಕೆ ಪೆಟ್ರೋಲೋ, ಡೀಸೆಲ್ಲೋ?

ನಮ್ಮ ಗೆಂಡೆಹಳ್ಳಿ ಕಡೆ ಯಾರಾದರೂ ಕಾರು ಕೊಳ್ಳುತ್ತಾರೆಂದರೆ ಸುದ್ದಿ ಶೋರೂಮಿಗಿಂತ ಮೊದಲು ಟೀ ಅಂಗಡಿಗೆ ಮುಟ್ಟಿರುತ್ತದೆ. ಬೆಂಚಿನ ಮೇಲೆ ಕೂತವರಲ್ಲಿ ಒಬ್ಬರಾದರೂ, "ಡೀಸೆಲ್ಲೇ ತಗಳಿ ಗೌಡ್ರೆ, ಎಳೆತ ಚೆನ್ನಾಗಿರ್ತದೆ, ಖರ್ಚೂ ಕಮ್ಮಿ" ಅಂತ ಹೇಳಿಯೇ ಹೇಳುತ್ತಾರೆ. ಹೇಳುವವರ ಕಾಳಜಿ ದೊಡ್ಡದು. ಆದರೆ ಮಾತು ಹಳೆಯದಾಗಿದೆ.

ಹಾಗೆಂದು ಅದು ಸುಮ್ಮನೆ ಹುಟ್ಟಿದ ಮಾತೂ ಅಲ್ಲ. ಮಲೆನಾಡಿನ ಅಂಚಿನ ಈ ಕಾಫಿ ಸೀಮೆಯನ್ನು ಎಷ್ಟೋ ವರ್ಷ ಎಳೆದದ್ದು ಡೀಸೆಲ್ಲೇ. ತೋಟದ ಏರು ಹತ್ತುವ ಜೀಪು, ಗೊಬ್ಬರ ತರುವ ಟ್ರ್ಯಾಕ್ಟರು, ಕುಯ್ಲಿನ ದಿನಗಳಲ್ಲಿ ಆಳುಗಳನ್ನು ಕರೆತರುವ ಪಿಕಪ್ಪು, ಬೇಸಿಗೆಯಲ್ಲಿ ರೊಬಸ್ಟಾ ಹೂವಿಗೆ ನೀರು ಹೊಡೆಯುವ ಪಂಪು, ಎಲ್ಲವೂ ಡೀಸೆಲ್ ಕುಡಿದೇ ಬದುಕಿದವು. ದೊಡ್ಡ ತೋಟಗಳಲ್ಲಿ ಶೆಡ್ಡಿನ ಮೂಲೆಗೊಂದು ಡೀಸೆಲ್ ಬ್ಯಾರೆಲ್ ಇರುತ್ತಿತ್ತು. ಹೂಮಳೆ ಕೈಕೊಟ್ಟ ವರ್ಷ ರಾತ್ರಿಯಿಡೀ ಪಂಪಿನ ಸದ್ದು ಕೇಳುತ್ತಾ ಮಲಗಿದವರಿಗೆ ಡೀಸೆಲ್ ಇಂಜಿನ್ನಿನ ಮೇಲೆ ನಂಬಿಕೆ ಬಾರದೆ ಇದ್ದೀತೇ? ಆ ನಂಬಿಕೆಯನ್ನು ನಾನು ಗೌರವಿಸುತ್ತೇನೆ. ದಿನವಿಡೀ ದುಡಿಯುವ ಇಂಜಿನ್ನಿಗೆ ಅದು ಇವತ್ತೂ ಸರಿಯಾದ ನಂಬಿಕೆ.

ಆಮೇಲೆ ಬೆಲೆಯ ಮಾತು. ಪೆಟ್ರೋಲ್ ಬೆಲೆಯ ಮೇಲಿನ ಹತೋಟಿಯನ್ನು ಕೇಂದ್ರ ಸರ್ಕಾರ 2010ರ ಜೂನ್‌ನಲ್ಲಿ ಬಿಟ್ಟಿತು. ಡೀಸೆಲ್ ಮೇಲಿನದನ್ನು ಬಿಟ್ಟದ್ದು 2014ರ ಅಕ್ಟೋಬರ್‌ನಲ್ಲಿ. ನಡುವಿನ ಆ ನಾಲ್ಕು ವರ್ಷ ಡೀಸೆಲ್ ಕಾರುಗಳಿಗೆ ಸುಗ್ಗಿ. 2012ರ ಹೊತ್ತಿಗೆ ಎರಡರ ನಡುವೆ ಲೀಟರಿಗೆ 30 ರೂಪಾಯಿಯ ಆಸುಪಾಸು ಅಂತರವಿತ್ತು. ಆಗ ಡೀಸೆಲ್ ಕೊಂಡವರೆಲ್ಲ ಲೆಕ್ಕ ಬಲ್ಲವರೇ. ಈಗ ಅಂತರ ಕರಗಿದೆ. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಏರಿಸಿದ ಮೇಲೆ ಬೆಂಗಳೂರಿನಲ್ಲಿ ಡೀಸೆಲ್ 91 ರೂಪಾಯಿ ಮುಟ್ಟಿತು. ಪೆಟ್ರೋಲ್ ಆಗ 103ರ ಹತ್ತಿರ ಇತ್ತು. ಉಳಿದದ್ದು 12 ರೂಪಾಯಿ.

ಈ ದರವನ್ನೇ ಹಿಡಿದು ಒಂದು ಲೆಕ್ಕ ಹಾಕೋಣ. ವರ್ಷಕ್ಕೆ 6,000 ಕಿಲೋಮೀಟರ್ ಓಡುವ ಮನೆ ಅಂದುಕೊಳ್ಳಿ. ಪೆಟ್ರೋಲ್ ಕಾರು ಲೀಟರಿಗೆ 16 ಕೊಟ್ಟರೆ 375 ಲೀಟರ್, ಅಂದರೆ ಸುಮಾರು 38,600 ರೂಪಾಯಿ. ಡೀಸೆಲ್ ಕಾರು 20 ಕೊಟ್ಟರೆ 300 ಲೀಟರ್, 27,300 ರೂಪಾಯಿ. ಉಳಿತಾಯ ವರ್ಷಕ್ಕೆ ಹನ್ನೊಂದು ಸಾವಿರ ಚಿಲ್ಲರೆ. ಕೊಳ್ಳುವಾಗಲೇ ಡೀಸೆಲ್ಲಿಗೆ ಒಂದೂಕಾಲು ಲಕ್ಷ ಹೆಚ್ಚು ಕೊಟ್ಟಿದ್ದರೆ ಅದು ವಾಪಸಾಗಲು ಹನ್ನೊಂದು ವರ್ಷ ಬೇಕು. ಸರ್ವಿಸು, ಫಿಲ್ಟರು, ವಿಮೆ ಇವುಗಳ ಹೆಚ್ಚಿನ ಖರ್ಚು ಸೇರಿಸಿದರೆ ಇನ್ನೂ ಮುಂದಕ್ಕೆ ಹೋಗುತ್ತದೆ. ಅದೇ ವರ್ಷಕ್ಕೆ 20,000 ಕಿಲೋಮೀಟರ್ ಓಡುವವರಿಗೆ ಮೂರು ಮೂರೂವರೆ ವರ್ಷದಲ್ಲಿ ತೀರುತ್ತದೆ.

ನಿಮ್ಮದು ಎಷ್ಟು ಓಡುತ್ತದೆ ಅನ್ನುವುದನ್ನು ಮಾತ್ರ ಅಂದಾಜಿಗೆ ಬಿಡಬೇಡಿ. ಆಯುಧಪೂಜೆಗೆ ಗಾಡಿ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣು ಇಡುತ್ತೀರಲ್ಲ, ಆ ಹೊತ್ತಿಗೆ ಮೀಟರ್ ನೋಡಿ ಕ್ಯಾಲೆಂಡರಿನ ಹಿಂದೆ ಬರೆದಿಡಿ. ಮುಂದಿನ ಆಯುಧಪೂಜೆಗೆ ಉತ್ತರ ಸಿಗುತ್ತದೆ. ನಮ್ಮ ಕಡೆ ಬಹಳ ಮನೆಗಳಲ್ಲಿ ಅದು ಅಂದುಕೊಂಡದ್ದಕ್ಕಿಂತ ಕಡಿಮೆಯೇ ಇರುತ್ತದೆ. ಬೇಲೂರಿಗೆ ತಾಲ್ಲೂಕು ಕಚೇರಿ, ಬ್ಯಾಂಕು, ದಿನಸಿ ಅಂತ ಹೋಗುವುದು. ಹಳೇಬೀಡಿನ ಕಡೆ ಒಂದು ಮದುವೆ. ಡಾಕ್ಟರಿಗೆ ತೋರಿಸಲು ಹಾಸನ. ಉಳಿದದ್ದೆಲ್ಲ ಮನೆಯಿಂದ ಬಸ್‌ಸ್ಟ್ಯಾಂಡಿಗೆ, ಅಲ್ಲಿಂದ ಮನೆಗೆ. ಆನೆಗಳ ಕಾರಣಕ್ಕೂ ಈಗ ಕಾರು ಬೇಕು. ಬಿಕ್ಕೋಡು, ಅರೇಹಳ್ಳಿ ಸುತ್ತಿನಲ್ಲಿ ಕಾಡಾನೆ ಓಡಾಡುವ ದಿನ ಸಂಜೆ ಮಗಳನ್ನು ಬಸ್ಸಿನಿಂದ ಕರೆತರಲು ಬೈಕ್ ತೆಗೆಯಲು ಯಾವ ಅಪ್ಪನಿಗೆ ಧೈರ್ಯ ಬರುತ್ತದೆ? ದೂರ ಎರಡೇ ಮೈಲಿಯಾದರೂ ಕಾರೇ ಆಗಬೇಕು.

ಇಂಥ ಎರಡು ಮೈಲಿಯ ಓಡಾಟವೇ ಇವತ್ತಿನ ಡೀಸೆಲ್ ಕಾರಿಗೆ ಆಗದು. 2020ರ ಏಪ್ರಿಲ್‌ 1ರಿಂದ ಗಾಡಿಗಳ ಹೊಗೆಗೆ ಮಿತಿ ಹಾಕುವ ಬಿಎಸ್‌-6 ನಿಯಮ ಬಂತು. ಅದರ ಜೊತೆಗೆ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಜಾಲರಿ ಬಂತು. ಇದು ಒಲೆಯ ಮೇಲಿನ ಹೊಗೆಗೂಡಿನ ಹಾಗೆ. ಕಟ್ಟಿದ ಮಸಿ ತೆಗೆಯದಿದ್ದರೆ ಉಸಿರಾಡದು. ಮಸಿ ಸುಟ್ಟುಹೋಗಲು ಸುಮಾರು 600 ಡಿಗ್ರಿ ಬಿಸಿ ಬೇಕು. ಆ ಬಿಸಿ ಬರಲು ಗಾಡಿ ಹದಿನೈದು ಇಪ್ಪತ್ತು ನಿಮಿಷ ಒಂದೇ ಹದದ ವೇಗದಲ್ಲಿ ಓಡಬೇಕು. ತೋಟದ ದಾರಿಯ ಎರಡನೇ ಗೇರಿನಲ್ಲಿ ಅದೆಲ್ಲಿ ಸಾಧ್ಯ? ಸುಡುವ ಕೆಲಸ ಅರ್ಧಕ್ಕೆ ನಿಂತರೆ ಅದಕ್ಕೆಂದು ಸುರಿದ ಡೀಸೆಲ್ ಇಂಜಿನ್ ಆಯಿಲಿಗೆ ಇಳಿಯುತ್ತದೆ, ಆಯಿಲ್ ತೆಳುವಾಗುತ್ತದೆ. ಮೀಟರಿನಲ್ಲಿ ದೀಪ ಹತ್ತಿದ ಮೇಲೂ ಹಾಗೇ ಓಡಿಸಿದರೆ ಡಿಪಿಎಫ್ ಬದಲಿಸುವ ಬಿಲ್ಲಿನಲ್ಲಿ ವರ್ಷಗಟ್ಟಲೆಯ ಉಳಿತಾಯ ಒಂದೇ ಸಲಕ್ಕೆ ಹೋಗುತ್ತದೆ. ಹಳೆಯ ಜೀಪಿಗೆ ಇದ್ಯಾವುದೂ ಇರಲಿಲ್ಲ. ಅದರ ಅನುಭವವನ್ನು ಇದಕ್ಕೆ ಹಚ್ಚುವುದು ತಪ್ಪು. ಕಂಪನಿಗಳಿಗೂ ಸಣ್ಣ ಡೀಸೆಲ್ ಇಂಜಿನ್ನನ್ನು ಹೊಸ ನಿಯಮಕ್ಕೆ ಒಗ್ಗಿಸುವುದು ದುಬಾರಿಯಾಯಿತು. ಮಾರುತಿಯಂಥ ಮಾರುತಿಯೇ 2020ರಲ್ಲಿ ಡೀಸೆಲ್ ಕಾರುಗಳನ್ನು ಕೈಬಿಟ್ಟಿತು.

ಆದ್ದರಿಂದ ಕಡಿಮೆ ಓಡಾಟದ ಮನೆಗೆ ನಾನು ಪೆಟ್ರೋಲ್ ಕಾರನ್ನೇ ಹೇಳುತ್ತೇನೆ. ಅದರಲ್ಲೂ ನೋಡಿಕೊಳ್ಳಬೇಕಾದದ್ದಿದೆ. ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ತೇವವನ್ನು ಎಳೆದುಕೊಳ್ಳುತ್ತದೆ. ಆಷಾಢದ ಜಡಿಮಳೆಯಲ್ಲಿ ಗಾಡಿ ವಾರಗಟ್ಟಲೆ ಶೆಡ್ಡಿನಲ್ಲೇ ನಿಲ್ಲುವುದಾದರೆ ಟ್ಯಾಂಕ್ ತುಂಬಿಸಿಡುವುದು ಮೇಲು. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಆ ಕಾರು ಈ ಪೆಟ್ರೋಲಿಗೆ ಒಗ್ಗುವಂಥದ್ದೇ ಎಂದು ಕೇಳಿಯೇ ಮುಂದುವರಿಯಬೇಕು. ಇನ್ನು ಇಲಿ. ನಿಂತ ಗಾಡಿಯ ವೈರು ಕಡಿಯುವಾಗ ಅದು ಪೆಟ್ರೋಲ್, ಡೀಸೆಲ್ ಎಂದು ನೋಡುವುದಿಲ್ಲ. ಎರಡು ದಿನಕ್ಕೊಮ್ಮೆ ಬಾನೆಟ್ ಎತ್ತಿ ನೋಡುವುದು ಒಳ್ಳೆಯದು.

ಬೆಂಗಳೂರಿಗೋ ಮಂಗಳೂರಿಗೋ ವಾರ ವಾರ ಹೋಗಿ ಬರುವವರ ಲೆಕ್ಕ ಬೇರೆ. ಅವರು ಡೀಸೆಲ್ ತಂದರೆ ನಾನೂ ಒಳ್ಳೆಯದೆಂದೇ ಹೇಳುತ್ತೇನೆ. ಈಗಾಗಲೇ ಬಿಎಸ್‌-6 ಡೀಸೆಲ್ ಮನೆಗೆ ತಂದು, ಓಡಾಟ ಕಡಿಮೆಯಾದವರು ಮಾರಲು ಅವಸರಪಡಬೇಕಿಲ್ಲ. ಹದಿನೈದು ದಿನಕ್ಕೊಮ್ಮೆ ಬೇಲೂರು ದಾಟಿ ಹಾಸನದ ರಸ್ತೆಗೆ ಬಿಡಿ. ನಡುವೆ ನಿಲ್ಲಿಸದೆ ಅರ್ಧ ಗಂಟೆ ಒಂದೇ ಹದದಲ್ಲಿ ಓಡಿಸಿ. ತಿಂಗಳುಗಟ್ಟಲೆ ಮುಂದೂಡಿದ ಹಾಸನದ ಕೆಲಸ ಏನಾದರೂ ಇದ್ದರೆ ಅದನ್ನೂ ಅವತ್ತೇ ಮುಗಿಸಿಕೊಂಡು ಬನ್ನಿ.