ಕುದುರೆಗಳನ್ನು ಕೆಡವಿದ ಮೀನು

ಯುವ ಮಿತ್ರರೇ, ಮನೆಯಲ್ಲಿ ಅಟ್ಲಾಸ್ ಇದ್ದರೆ ತೆರೆದಿಟ್ಟುಕೊಳ್ಳಿ. ದಕ್ಷಿಣ ಅಮೆರಿಕದ ಉತ್ತರ ತುದಿಯಲ್ಲಿ ವೆನೆಜುವೆಲಾ ದೇಶ; ಅದರ ನಡುವೆ ಕಲಬೋಸೊ ಎಂಬ ಊರು. ಸುತ್ತಲೂ ದನ ಮೇಯಿಸುವವರ ವಿಶಾಲ ಹುಲ್ಲುಬಯಲು. ಮಳೆಗಾಲದಲ್ಲಿ ಹೊಳೆಗಳು ಉಕ್ಕಿ ಬಯಲೆಲ್ಲ ನೀರಾಗುತ್ತದೆ. ಬೇಸಿಗೆಯಲ್ಲಿ ಅಲ್ಲಲ್ಲಿ ಕೆಸರಿನ ಮಡುಗಳು ಮಾತ್ರ ಉಳಿಯುತ್ತವೆ.

ಆ ಮಡುಗಳಲ್ಲಿರುವ ಒಂದು ಮೀನಿಗೆ ಅಲ್ಲಿಯವರು ‘ತೆಂಬ್ಲಡೋರ್’ ಎನ್ನುತ್ತಾರೆ. ಹಾಗೆಂದರೆ ನಡುಕ ಹುಟ್ಟಿಸುವವನು. ನೀವು ಶಾಲೆಯಲ್ಲಿ ಓದಿದ ಎಲೆಕ್ಟ್ರಿಕ್ ಈಲ್ ಇದೇ. ನೋಡಲು ಹಾವುಮೀನಿನಂತಿದ್ದರೂ ಇದು ಆ ಜಾತಿಗೆ ಸೇರಿದ್ದಲ್ಲ. ಇದರ ಮೈಯ ಬಹುಪಾಲು ವಿದ್ಯುತ್ ತಯಾರಿಸುವ ಅಂಗಗಳೇ. ಅಲ್ಲಿ ಸಾವಿರಾರು ಜೀವಕೋಶಗಳು ಟಾರ್ಚಿನ ಸೆಲ್ಲುಗಳಂತೆ ಸಾಲಾಗಿ ಜೋಡಿಕೊಂಡಿವೆ. ಒಂದೊಂದರ ಶಕ್ತಿ ಅತ್ಯಲ್ಪ. ಎಲ್ಲವೂ ಒಮ್ಮೆಗೇ ಚುರುಕಾದರೆ ಮಾತ್ರ ಭಾರಿ ಶಾಕ್. ಈ ಮೀನಿನ ಒಂದು ಪ್ರಭೇದದಲ್ಲಿ 860 ವೋಲ್ಟ್ ಅಳೆದದ್ದು 2019ರಲ್ಲಿ ಪ್ರಕಟವಾಯಿತು. ನಮ್ಮ ಮನೆಯ ಕರೆಂಟು 230 ವೋಲ್ಟ್ ಎಂಬುದನ್ನು ನೆನೆಯಿರಿ!

1800ರ ಮಾರ್ಚ್‌ನಲ್ಲಿ ಜರ್ಮನಿಯ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹುಂಬೋಲ್ಟ್ ಕಲಬೋಸೊಗೆ ಬಂದ. ಅವನಿಗೆ ಜೀವಂತ ಮೀನು ಬೇಕಾಗಿತ್ತು. ಕೆಸರಿನಲ್ಲಿ ಅಡಗುವ ಅದನ್ನು ಹಿಡಿಯುವುದು ಹೇಗೆ? ಸ್ಥಳೀಯರು ಸುಮಾರು ಮೂವತ್ತು ಕುದುರೆ, ಹೇಸರಗತ್ತೆಗಳನ್ನು ತಂದು ಮಡುವಿಗೆ ನುಗ್ಗಿಸಿದರು. ಗೊರಸಿನ ತುಳಿತಕ್ಕೆ ಮೀನುಗಳು ಮೇಲೆದ್ದು ಕುದುರೆಗಳ ಹೊಟ್ಟೆಗೆ ಒತ್ತಿಕೊಂಡು ಶಾಕ್ ಕೊಡತೊಡಗಿದವು. ಐದು ನಿಮಿಷದೊಳಗೆ ಎರಡು ಕುದುರೆಗಳು ಮುಳುಗಿ ಸತ್ತವು. ಕೊನೆಗೆ ಮೀನುಗಳು ದಣಿದ ಮೇಲೆ ಜನ ಅವುಗಳನ್ನು ಈಟಿಯಿಂದ ಚುಚ್ಚಿ ದಡಕ್ಕೆಳೆದರು. ಆಗಷ್ಟೇ ಹಿಡಿದ ಮೀನಿನ ಮೇಲೆ ಕಾಲಿಟ್ಟ ಹುಂಬೋಲ್ಟನಿಗೆ ದಿನವಿಡೀ ಮಂಡಿ, ಕೀಲುಗಳಲ್ಲಿ ನೋವು.

ಇದನ್ನೆಲ್ಲ ಅವನು ಬರೆದಿಟ್ಟ. ಆದರೆ ಮೀನು ತಾನಾಗಿ ಮೇಲೆದ್ದು ಕುದುರೆಯ ಮೇಲೆ ಎರಗುತ್ತದೆಯೇ? ಮುಂದೆ ಬಂದ ವಿಜ್ಞಾನಿಗಳಲ್ಲಿ ಹಲವರು ಇದು ಉಪ್ಪು ಖಾರ ಹಚ್ಚಿದ ಕಥೆಯೆಂದೇ ಭಾವಿಸಿದರು. ಎರಡು ಶತಮಾನ ಕಳೆದವು. 2016ರಲ್ಲಿ ಅಮೆರಿಕದ ಕೆನೆತ್ ಕಟಾನಿಯಾ ತಮ್ಮ ಪ್ರಯೋಗಾಲಯದಲ್ಲಿ ಈ ಮೀನು ನೀರಿನಿಂದ ಮೇಲೆ ಚಿಮ್ಮಿ, ಎದುರಾದ ವಸ್ತುವಿಗೆ ಗದ್ದವೊತ್ತಿ ಶಾಕ್ ಕೊಡುವುದನ್ನು ತೋರಿಸಿದರು. ಮೇಲೇರಿದಷ್ಟೂ ಕರೆಂಟು ನೀರಿನಲ್ಲಿ ಹಂಚಿಹೋಗದೆ ವೈರಿಯ ಮೈಗೇ ಹೆಚ್ಚಾಗಿ ಹರಿಯುತ್ತದೆ. ಬತ್ತುವ ಮಡುವಿನಲ್ಲಿ ಸಿಕ್ಕಿಬಿದ್ದ ಮೀನಿಗೆ ಓಡಲು ದಾರಿಯಿಲ್ಲ, ಎದುರಿಸಲೇಬೇಕು. ಹುಂಬೋಲ್ಟ್ ಬರೆದದ್ದು ನಂಬತಕ್ಕದ್ದೇ ಎಂದಾಯಿತು.

ಮಿತ್ರರೇ, ಇಷ್ಟು ದೂರ ನಿಮ್ಮನ್ನು ಕರೆತಂದದ್ದು ಒಂದು ಮಾತು ಹೇಳಲು. ರಜೆಯಲ್ಲಿ ಊರಿಗೆ ಹೋದಾಗ ಅಜ್ಜನೋ ದೊಡ್ಡಮ್ಮನೋ ಹೊಳೆಯ, ಮೀನಿನ, ಹಾವಿನ ಸಂಗತಿ ಹೇಳಿದರೆ ‘ಅಡುಗೂಲಜ್ಜಿ ಕಥೆ’ ಎಂದು ನಗಬೇಡಿ. ಕಣ್ಣು ಮುಚ್ಚಿ ನಂಬಲೂ ಬೇಡಿ. ಯಾವ ಹೊಳೆ, ಯಾವ ತಿಂಗಳು, ಕಣ್ಣಾರೆ ಕಂಡವರು ಯಾರು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಅವರು ಅದನ್ನು ಹೇಳುವುದು ಊರಿನ ಮಾತಿನಲ್ಲಿ. ಆ ಮಾತು ನಿಮಗೆ ತಿಳಿಯದೆ ಹೋದರೆ, ನಿಜವೋ ಸುಳ್ಳೋ ಎಂದು ಪರೀಕ್ಷಿಸಲು ಕೂಡ ಮುಂದೆ ಏನೂ ಉಳಿದಿರುವುದಿಲ್ಲ.