ಬೆಲ್ಲ, ನೀರು ಮತ್ತು ಕಡಲು ಕಾಣುವ ಕೋಣೆ

ವಿಲಾಸಿ ಹೋಟೆಲಿನಲ್ಲಿ ತಂಗಿದವರಿಗೆ ಆಗುವ ನಿರಾಶೆಯು ಸಾಮಾನ್ಯ ವಸತಿಗೃಹದಲ್ಲಿ ಆಗುವ ನಿರಾಶೆಗಿಂತ ಬೇರೆ ಬಗೆಯದು. ಬಸ್ ನಿಲ್ದಾಣದ ಎದುರಿನ ಲಾಡ್ಜಿನಲ್ಲಿ ನಲ್ಲಿ ಸೋರಿದರೆ, ಸೊಳ್ಳೆ ಕಚ್ಚಿದರೆ, ಹಾಸಿಗೆಯಲ್ಲಿ ಕಲೆ ಕಂಡರೆ ಪ್ರಯಾಣಿಕನು ಗೊಣಗಿಕೊಂಡು ರಾತ್ರಿ ಕಳೆದು, ಬೆಳಗಾದೊಡನೆ ಚೀಲವನ್ನು ಹೆಗಲಿಗೇರಿಸಿ ಹೊರಡುತ್ತಾನೆ. ಅವನು ಕೊಟ್ಟದ್ದು ಬಾಡಿಗೆ, ಪಡೆದದ್ದು ತಲೆಯ ಮೇಲೊಂದು ಸೂರು, ಅಲ್ಲಿಗೆ ಲೆಕ್ಕ ಚುಕ್ತಾ. ಒಂದು ಸಂಸಾರದ ತಿಂಗಳ ದಿನಸಿಗೆ ಸಾಲುವಷ್ಟು ಹಣವನ್ನು ಒಂದೇ ರಾತ್ರಿಗೆ ಪಡೆಯುವ ಹೋಟೆಲಾದರೋ ಸೂರನ್ನಲ್ಲ, ಆತಿಥ್ಯವನ್ನೇ ಮಾರುತ್ತೇನೆಂದು ಹೇಳಿಕೊಂಡಿರುತ್ತದೆ. ಆದುದರಿಂದ ಅಲ್ಲಿ ಕೊರತೆ ಕಂಡಾಗ ಅತಿಥಿಗೆ ಹಣ ಹೋಯಿತೆಂಬ ಬೇಸರಕ್ಕಿಂತ ತನ್ನನ್ನು ಯಾರೂ ಗಮನಿಸಲಿಲ್ಲವೆಂಬ ನೋವು ಹೆಚ್ಚು ಕಾಡುತ್ತದೆ.

ಕಾಸರಗೋಡು ಜಿಲ್ಲೆಯಲ್ಲಿ ಈ ವಿಷಯವನ್ನು ಯೋಚಿಸಲು ಬೇಕಲ ತಕ್ಕ ಜಾಗ. ಕೆಳದಿಯ ಶಿವಪ್ಪನಾಯಕನು ಹದಿನೇಳನೆಯ ಶತಮಾನದ ನಡುವಿನಲ್ಲಿ ಕಟ್ಟಿಸಿದ ಮುರಕಲ್ಲಿನ ಕೋಟೆಯೊಂದು ಕಡಲಿಗೆ ಚಾಚಿ ನಿಂತಿರುವ ಈ ತೀರವನ್ನು ಕೇಂದ್ರ ಸರಕಾರವು 1992ರಲ್ಲಿ ವಿಶೇಷ ಪ್ರವಾಸೋದ್ಯಮ ಪ್ರದೇಶವೆಂದು ಘೋಷಿಸಿತು. 1995ರಲ್ಲಿ ಕೇರಳ ಸರಕಾರವು ಇದಕ್ಕೆಂದೇ ಬೇಕಲ ರೆಸಾರ್ಟ್ಸ್ ಡೆವಲಪ್‌ಮೆಂಟ್ ಕಾರ್ಪೊರೇಶನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ಉದುಮ, ಪಳ್ಳಿಕ್ಕರೆ, ಅಜಾನೂರು, ಚೆಮ್ಮನಾಡು ಪಂಚಾಯತುಗಳ ವ್ಯಾಪ್ತಿಯ ತೆಂಗಿನ ತೋಟಗಳ ನಡುವೆ ಮುಂದೆ ದೊಡ್ಡ ರೆಸಾರ್ಟುಗಳು ತಲೆಯೆತ್ತಿದವು. ಅದೇ 1995ರಲ್ಲಿ ತೆರೆಕಂಡ ಮಣಿರತ್ನಂ ಅವರ ‘ಬಾಂಬೆ’ ಚಿತ್ರದ ಒಂದು ಹಾಡು ಈ ಕೋಟೆಯನ್ನು ದೇಶಕ್ಕೆಲ್ಲ ಪರಿಚಯಿಸಿತು. ಆ ಹಾಡಿನಲ್ಲಿ ಕಾಣುವುದು ಮಳೆಗಾಲದ ಬೇಕಲ: ಬೂದು ಬಣ್ಣದ ಆಕಾಶ, ಒದ್ದೆ ಹುಲ್ಲು, ಬಟ್ಟೆಯನ್ನು ಎಳೆದಾಡುವ ಗಾಳಿ, ಬಂಡೆಗೆ ಅಪ್ಪಳಿಸುವ ಅಲೆ. ಜಾಹೀರಾತುಗಳಲ್ಲಿ ಬರುವ ನೀಲಿ ಕಡಲು ಡಿಸೆಂಬರಿನದು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಬಂದುಬಿಡುವ ಜಿಲ್ಲೆಯಲ್ಲಿ ಸಿನಿಮಾ ತೋರಿಸಿದ ಚಿತ್ರವೇ ಹೆಚ್ಚು ಪ್ರಾಮಾಣಿಕವಾದುದು.

ಕರಾವಳಿಯ ವಿಲಾಸಿ ಹೋಟೆಲುಗಳ ಬಗ್ಗೆ ಕೇಳಿಬರುವ ದೂರುಗಳಲ್ಲಿ ಬಹಳಷ್ಟು ಈ ಡಿಸೆಂಬರ್ ಚಿತ್ರದಿಂದಲೇ ಹುಟ್ಟುತ್ತವೆ. ಆಷಾಢದಲ್ಲಿ ರಿಯಾಯಿತಿ ದರ ನೋಡಿ ಬಂದ ಕುಟುಂಬಕ್ಕೆ ಕಡಲಿಗಿಳಿಯಬಾರದೆಂಬ ಕೆಂಪು ಬಾವುಟ ಎದುರಾಗುತ್ತದೆ. ಎಷ್ಟೇ ಒಣಗಿಸಿದರೂ ಆರದ ಪರದೆಯಿಂದ, ನೆಲಹಾಸಿನಿಂದ ಮುಗ್ಗಲು ವಾಸನೆ ಏಳುತ್ತದೆ. ‘ಸೀ ವ್ಯೂ’ ಎಂದು ಹೆಚ್ಚು ಹಣ ಪಡೆದು ಕೊಟ್ಟ ಕೋಣೆಯ ಮೊಗಸಾಲೆಯ ತುದಿಯಲ್ಲಿ ನಿಂತು ಕತ್ತು ಹೊರಳಿಸಿದರೆ ಎರಡು ತೆಂಗಿನ ಮರಗಳ ಸಂದಿಯಲ್ಲಿ ಅಂಗೈಯಗಲದ ಕಡಲು ಕಾಣುತ್ತದೆ. ಮಳೆಯನ್ನು ಯಾವ ಹೋಟೆಲೂ ತಡೆಯಲಾರದು. ಮಳೆ ಬರುತ್ತದೆಂದು ಮೊದಲೇ ಹೇಳಬಹುದು. ಅತಿಥಿಯನ್ನು ಕೆರಳಿಸುವುದು ಒದ್ದೆ ಪರದೆಗಿಂತ ಆ ಹೇಳದೆ ಉಳಿದ ಮಾತು.

ಗ್ರಾಹಕ ಸೇವೆಯ ಅಧ್ಯಯನ ಮಾಡಿದವರು ಇದನ್ನು ಬೇರೊಂದು ದಾರಿಯಿಂದ ಕಂಡುಕೊಂಡಿದ್ದಾರೆ. ಪರಶುರಾಮನ್, ಜೈತಮ್ಲ್ ಮತ್ತು ಬೆರಿ ಎಂಬ ಮೂವರು ವಿದ್ವಾಂಸರು 1985ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಸೇವೆಯ ಗುಣಮಟ್ಟವೆಂದರೆ ಗ್ರಾಹಕರು ನಿರೀಕ್ಷಿಸಿದ್ದಕ್ಕೂ ಅನುಭವಿಸಿದ್ದಕ್ಕೂ ನಡುವಿನ ಅಂತರ ಎಂದು ವಿವರಿಸಿ, ಆ ಅಂತರ ಹುಟ್ಟುವ ಕಾರಣಗಳಲ್ಲಿ ಹೊರಗೆ ಕೊಟ್ಟ ಭರವಸೆಗೂ ಒಳಗೆ ನಡೆಯುವ ಕೆಲಸಕ್ಕೂ ಹೊಂದಿಕೆಯಾಗದಿರುವುದನ್ನೂ ಸೇರಿಸಿದರು. ಗ್ರಾಹಕರು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುವುದು ನಂಬಿಕೆಗೆ, ಎಂದರೆ ಹೇಳಿದ್ದನ್ನು ಹೇಳಿದಂತೆ ನಡೆಸುವುದಕ್ಕೆ. ಕಟ್ಟಡ, ಪೀಠೋಪಕರಣ, ಸಮವಸ್ತ್ರ ಮೊದಲಾದ ಕಣ್ಣಿಗೆ ಕಾಣುವ ವಸ್ತುಗಳಿಗೆ ಎಲ್ಲಕ್ಕಿಂತ ಕಡಿಮೆ ಎಂಬುದು ಅವರ ಮುಂದಿನ ಅಧ್ಯಯನಗಳಲ್ಲಿ ಕಂಡುಬಂದ ಸಂಗತಿ. ಇತ್ತ ಭಾರತದಲ್ಲಿ ಹೋಟೆಲುಗಳಿಗೆ ನಕ್ಷತ್ರದ ದರ್ಜೆ ಕೊಡುವ ಪ್ರವಾಸೋದ್ಯಮ ಸಚಿವಾಲಯದ ಸಮಿತಿಯು ಹೆಚ್ಚಾಗಿ ಪರಿಶೀಲಿಸುವುದು ಕೋಣೆಯ ಅಳತೆ, ಸ್ನಾನಗೃಹದ ಸೌಲಭ್ಯ, ಊಟದ ಮನೆ ಮುಂತಾದ ಎಣಿಸಬಹುದಾದ ವಿಷಯಗಳನ್ನು. ಐದು ನಕ್ಷತ್ರಗಳು ಅಮೃತಶಿಲೆಯ ಬಗ್ಗೆ ಸಾಕ್ಷಿ ಹೇಳಬಲ್ಲವು, ಮಾತು ಉಳಿಸಿಕೊಳ್ಳುವ ಬಗ್ಗೆ ಹೇಳಲಾರವು.

ಇದೇ ಜಿಲ್ಲೆಯ ಒಳನಾಡಿನ ಮನೆಗಳಲ್ಲಿ ಆತಿಥ್ಯಕ್ಕೆ ಬೇರೆಯೇ ಒಂದು ಅಳತೆಯಿದೆ. ಬಿಸಿಲಿನಲ್ಲಿ ನಡೆದು ಬಂದವರು ಜಗಲಿಯೇರಿ ಕುಳಿತೊಡನೆ ಮನೆಯವರು ಕೇಳುವ ಮೊದಲ ಮಾತು ‘ಬಾಯಾರಿಕೆಗೆ ಏನು ಬೇಕು?’ ಎಂಬುದು, ಹವ್ಯಕರಲ್ಲಿ ಅದು ‘ಆಸರಿಂಗೆ’ ಎಂದಾಗುತ್ತದೆ, ತುಳುವರಲ್ಲಿ ‘ಬಾಜೆಲ್’ ಎಂಬ ಪದ ಬರುತ್ತದೆ. ಉತ್ತರ ಬರುವ ಮೊದಲೇ ಒಂದು ತಟ್ಟೆಯಲ್ಲಿ ಅಚ್ಚುಬೆಲ್ಲದ ತುಂಡು, ಒಂದು ಚೆಂಬು ನೀರು ಮುಂದಿರುತ್ತವೆ. ಬೆಲ್ಲದ ಚೂರನ್ನು ಬಾಯಿಗೆ ಹಾಕಿಕೊಂಡು, ಅದು ನಾಲಗೆಯ ಮೇಲೆ ಕರಗುತ್ತಿರುವಾಗ ಚೆಂಬನ್ನೆತ್ತಿ ನೀರು ಕುಡಿಯುವುದು ಕ್ರಮ. ಬೆವರಿ ಬಂದ ದೇಹದ ದಣಿವಾರಿಸಲು ಇದಕ್ಕಿಂತ ಸರಳವಾದ ಉಪಾಯವಿಲ್ಲ. ಎಷ್ಟೋ ಮನೆಗಳಲ್ಲಿ ಆ ನೀರು ಸುರಂಗದ್ದು. ಮುರಕಲ್ಲಿನ ಗುಡ್ಡದ ಬದಿಗೆ ಒಬ್ಬ ಮನುಷ್ಯ ನುಸುಳುವಷ್ಟು ಅಗಲಕ್ಕೆ ಅಡ್ಡಲಾಗಿ ಕೊರೆದ, ಪಂಪಿನ ಹಂಗಿಲ್ಲದೆ ಒಸರಿನ ನೀರನ್ನು ತಾನಾಗಿಯೇ ಹೊರಗೆ ಹರಿಸುವ ಬಾವಿಗೆ ಇಲ್ಲಿ ಸುರಂಗವೆನ್ನುತ್ತಾರೆ. ವಾರಗಟ್ಟಲೆ ಗುದ್ದಲಿ ಹಿಡಿದು ಕತ್ತಲಲ್ಲಿ ಕೊರೆದು ಪಡೆದ ನೀರನ್ನು ಬಂದವರಿಗೆ ಮೊದಲು ಕೊಡುವುದರಲ್ಲಿ ಮನೆಯವರ ಮನಸ್ಸು ತಿಳಿಯುತ್ತದೆ. ವಿಲಾಸಿ ಹೋಟೆಲೂ ಬಂದವರ ಕೈಗೆ ಬಣ್ಣದ ಪಾನೀಯದ ಲೋಟವನ್ನು ಕೊಡುತ್ತದೆ. ಆದರೆ ಜಗಲಿಯಲ್ಲಿ ಕೇಳುವ ಪ್ರಶ್ನೆ ಬಂದವರ ಮುಖ ನೋಡಿ ಕೇಳಿದ್ದು. ಹೋಟೆಲಿನ ಲೋಟ ಗಂಟಲು ಒಣಗಿದವರಿಗೂ ಈಗತಾನೇ ಊಟ ಮುಗಿಸಿ ಬಂದವರಿಗೂ ಅದೇ ಅಳತೆಯಲ್ಲಿ, ಅದೇ ನಗುವಿನೊಂದಿಗೆ ಬರುತ್ತದೆ.

ಆ ನಗುವಿನ ವಿಚಾರದಲ್ಲಿ ಕೆಲಸದವರನ್ನು ದೂರುವುದು ಅನ್ಯಾಯ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ಅವರು ವಿಮಾನದ ಪರಿಚಾರಿಕೆಯರನ್ನು ಕುರಿತು 1983ರಲ್ಲಿ ಬರೆದ ಗ್ರಂಥದಲ್ಲಿ ಇದಕ್ಕೊಂದು ಹೆಸರು ಕೊಟ್ಟರು. ಕನ್ನಡದಲ್ಲಿ ಅದನ್ನು ಭಾವಶ್ರಮ ಎನ್ನಬಹುದು, ಎಂದರೆ ಸಂಬಳಕ್ಕಾಗಿ ತನ್ನ ಭಾವನೆಗಳನ್ನೇ ಹದ್ದುಬಸ್ತಿನಲ್ಲಿಟ್ಟು, ಇಲ್ಲದ ಸಂತೋಷವನ್ನು ಮುಖದ ಮೇಲೆ ತರುವ ದುಡಿಮೆ. ಹೋಟೆಲಿನ ಹುಡುಗನಿಗೆ ನಗಲು ಕಲಿಸಲಾಗಿದೆ, ಕ್ಷಮೆ ಕೇಳುವ ವಾಕ್ಯವನ್ನೂ ಕಲಿಸಲಾಗಿದೆ. ಕೋಣೆ ಬದಲಿಸಿಕೊಡುವ ಅಧಿಕಾರವನ್ನು ಮಾತ್ರ ಕೊಟ್ಟಿಲ್ಲ. ರಾತ್ರಿ ಹತ್ತಕ್ಕೆ ಎಸಿಯಿಂದ ನೀರು ತೊಟ್ಟಿಕ್ಕುತ್ತಿದೆಯೆಂದು ಹೇಳಿದ ದೂರು ರಾತ್ರಿ ಪಾಳಿಯ ಪುಸ್ತಕದಲ್ಲಿ ದಾಖಲಾಗದೆ ಹೋದರೆ, ಬೆಳಗಿನ ಪಾಳಿಗೆ ಬಂದವರ ಮುಂದೆ ಅತಿಥಿಯು ಅದನ್ನೇ ಮೊದಲಿಂದ ಹೇಳಬೇಕು. ಅವರು ಅದೇ ವಾಕ್ಯದಲ್ಲಿ ಕ್ಷಮೆ ಕೇಳುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಮ್ಯಾನೇಜರರು ಬಂದು ಮತ್ತೊಮ್ಮೆ ಕೇಳುತ್ತಾರೆ. ಕೊನೆಗೆ ಹಣ್ಣಿನ ಬುಟ್ಟಿಯೊಂದು ಕೋಣೆಗೆ ಬರುತ್ತದೆ, ಎಸಿ ತೊಟ್ಟಿಕ್ಕುತ್ತಲೇ ಇರುತ್ತದೆ. ದೊಡ್ಡ ಹೋಟೆಲುಗಳಲ್ಲಿ ಆಗುವ ನಿರಾಶೆಗಳಲ್ಲಿ ಅತ್ಯಂತ ಸಾಮಾನ್ಯವಾದದ್ದೂ ಅತ್ಯಂತ ಸುಲಭವಾಗಿ ತಪ್ಪಿಸಬಹುದಾದದ್ದೂ ಇದೇ.

ಹಣ್ಣಿನ ಮಾತು ಬಂದಾಗ 2019ರ ಜುಲೈಯಲ್ಲಿ ನಡೆದದ್ದನ್ನು ಹೇಳಬೇಕು. ಚಂಡೀಗಢದ ಪಂಚತಾರಾ ಹೋಟೆಲೊಂದು ನಟ ರಾಹುಲ್ ಬೋಸ್ ಅವರಿಗೆ ಎರಡು ಬಾಳೆಹಣ್ಣು ಕೊಟ್ಟು 442 ರೂಪಾಯಿ 50 ಪೈಸೆಯ ಬಿಲ್ ಮಾಡಿತು. ತೆರಿಗೆಯಿಲ್ಲದ ತಾಜಾ ಹಣ್ಣಿಗೆ ತೆರಿಗೆ ಹಾಕಿದ್ದಕ್ಕೆ ಅಲ್ಲಿನ ತೆರಿಗೆ ಇಲಾಖೆ 25,000 ರೂಪಾಯಿ ದಂಡ ವಿಧಿಸಿತು. ಅಟ್ಟದ ಜಂತಿಗೆ ಬಾಳೆಗೊನೆ ನೇತುಹಾಕಿ, ಹಣ್ಣಾದಂತೆ ಮಕ್ಕಳೂ ನೆಂಟರೂ ಕಿತ್ತು ತಿನ್ನುವ ಊರಿನವರಿಗೆ ಈ ಸುದ್ದಿ ವಿಚಿತ್ರವಾಗಿ ಕಂಡದ್ದು ಸಹಜ. ಇನ್ನೂ ಗಂಭೀರವಾದ ಪ್ರಶ್ನೆಯೊಂದು ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ದೆಹಲಿಯ ವಿಲಾಸಿ ಹೋಟೆಲೊಂದರಲ್ಲಿ 1998ರಲ್ಲಿ ಅತಿಥಿಯೊಬ್ಬರು ನಿಲ್ಲಿಸಲೆಂದು ಕೀಲಿಕೈ ಸಹಿತ ಒಪ್ಪಿಸಿದ ಕಾರು ಕಳವಾಯಿತು. ಕಾರಿನ ಹೊಣೆ ಮಾಲೀಕರದೇ ಎಂದು ಚೀಟಿಯಲ್ಲಿ ಅಚ್ಚಾಗಿದೆಯೆಂಬುದು ಹೋಟೆಲಿನ ವಾದವಾಗಿತ್ತು. 2019ರ ನವೆಂಬರಿನಲ್ಲಿ ಬಂದ ತೀರ್ಪು ಆ ವಾದವನ್ನು ಒಪ್ಪಲಿಲ್ಲ. ಕೀಲಿಕೈ ಪಡೆದ ಮೇಲೆ ವಸ್ತುವನ್ನು ಜೋಪಾನ ಮಾಡುವ ಹೊಣೆಯೂ ಬರುತ್ತದೆ, ತನ್ನ ಅಜಾಗರೂಕತೆಯಿಂದಾದ ನಷ್ಟವನ್ನು ಚೀಟಿಯ ಮಾತಿನಿಂದ ತಳ್ಳಿಹಾಕಲಾಗದು ಎಂದಿತು. ಬಾಗಿಲಲ್ಲಿ ಕೈಮುಗಿದು, ಚೀಟಿಯ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಿಂದ ಕೈತೊಳೆದುಕೊಳ್ಳುವ ಪದ್ಧತಿಗೆ ಆ ತೀರ್ಪು ಸರಿಯಾದ ಉತ್ತರ.

ಹಾಗೆಂದು ಹಳೆಯ ಮನೆಯ ಆತಿಥ್ಯವೆಲ್ಲ ಒಳ್ಳೆಯದು, ಹೊಸ ಹೋಟೆಲಿನದೆಲ್ಲ ಕೃತಕ ಎಂದು ಬಗೆದರೆ ಅದು ಅರ್ಧಸತ್ಯವಾಗುತ್ತದೆ. ಚಾವಡಿಯಲ್ಲಿ ಚಾಪೆ ಯಾರಿಗೆ, ಅಂಗಳದಲ್ಲಿ ನಿಲ್ಲುವವರು ಯಾರು, ಚೆಂಬು ಕೈಗೆ ಸಿಗುವುದು ಯಾರಿಗೆ, ಮೇಲಿನಿಂದ ಬೊಗಸೆಗೆ ನೀರು ಸುರಿಸಿಕೊಳ್ಳಬೇಕಾದವರು ಯಾರು ಎಂಬುದನ್ನು ಜಾತಿ ನಿರ್ಧರಿಸುತ್ತಿದ್ದ ಕಾಲ ಬಹಳ ಹಿಂದಿನದಲ್ಲ. ಊಟದ ಸಾಲಿನಲ್ಲಿ ಭೇದ ಮಾಡುವ ಪಂಕ್ತಿಭೇದವನ್ನು ಕಂಡವರು ಇನ್ನೂ ಬದುಕಿದ್ದಾರೆ. ಹೋಟೆಲಿನ ಮೇಜು ಆ ಪ್ರಶ್ನೆಯನ್ನು ಕೇಳುವುದಿಲ್ಲ. ಹಣವಿರುವ ಯಾರಿಗಾದರೂ ಅದೇ ತಟ್ಟೆ, ಅದೇ ಕುರ್ಚಿ. ಇದು ನಿಜವಾದ ಗಳಿಕೆ, ಮತ್ತು ಇದನ್ನು ಬಿಟ್ಟುಕೊಡಬಾರದು. ಬೆಲ್ಲನೀರಿನಿಂದ ಹೋಟೆಲು ಪಡೆಯಬೇಕಾದದ್ದು ಎದುರಿಗಿರುವವರ ದಣಿವನ್ನು ಮುಖ ನೋಡಿ ತಿಳಿಯುವ ಗುಣವನ್ನು ಮಾತ್ರ.

ಆ ಗುಣಕ್ಕೆ ಬೇರೆಲ್ಲೋ ಹುಡುಕಾಟ ಬೇಕಿಲ್ಲ. ಕನ್ನಡ, ಮಲಯಾಳ, ತುಳು, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಎಂದು ಏಳು ಭಾಷೆಗಳ ಸಂಗಮಭೂಮಿಯೆಂದು ಹೆಸರಾದ ಜಿಲ್ಲೆಯಿದು. ಇಲ್ಲಿನ ಸಾಧಾರಣ ಅಂಗಡಿಯವರೂ ಗಿರಾಕಿಯ ಮೊದಲ ಮಾತಿನಲ್ಲೇ ಅವರ ಮನೆಮಾತನ್ನು ಗುರುತಿಸಿ ಅದರಲ್ಲೇ ಉತ್ತರಿಸುತ್ತಾರೆ. ಇಲ್ಲಿನ ಎಷ್ಟೋ ಜನ ಕೊಲ್ಲಿ ದೇಶಗಳ ಹೋಟೆಲುಗಳಲ್ಲಿ ದುಡಿದು ಕಸುಬು ಕಲಿತಿದ್ದಾರೆ. ಹೀಗಿದ್ದೂ ಕಡಲತೀರದ ವಿಲಾಸಿ ಕೋಣೆಯಲ್ಲಿ ತಂಗಿದವರಿಗೆ ಬೆಳಗಿನ ತಿಂಡಿಗೆ ಎಲ್ಲೆಲ್ಲಿಯದೋ ರೊಟ್ಟಿ ಬೆಣ್ಣೆ ಸಿಗುತ್ತದೆ. ಪತ್ರೊಡೆ, ನೀರುದೋಸೆ, ಹಲಸಿನ ಹಪ್ಪಳ, ಕುಚ್ಚಲಕ್ಕಿ ಗಂಜಿ ಸಿಗುವುದು ಅಪರೂಪ. ಹೋಟೆಲು ನಡೆಸುವವರು ಊರಿನ ಹುಡುಗ ಹುಡುಗಿಯರನ್ನು ಕೆಲಸಕ್ಕೆ ತೆಗೆದುಕೊಂಡರೆ ಸಾಲದು. ಬಾಯಿಪಾಠದ ವಾಕ್ಯವನ್ನು ಬದಿಗಿಟ್ಟು ತಮ್ಮ ಮಾತಿನಲ್ಲಿ ವಿಚಾರಿಸುವ, ಕೆಟ್ಟುಹೋದದ್ದನ್ನು ಯಾರನ್ನೂ ಕೇಳದೆ ಸರಿಪಡಿಸುವ ಅಧಿಕಾರವನ್ನೂ ಅವರಿಗೆ ಕೊಡಬೇಕು. ಆಷಾಢದಲ್ಲಿ ಬರುವವರಿಗೆ ಆಷಾಢದ ಕಡಲಿನ ಚಿತ್ರವನ್ನೇ ಕಳುಹಿಸಬೇಕು. ಅದನ್ನು ನೋಡಿಯೂ ಬರುವವರು ಬಹಳ ಮಂದಿ ಇದ್ದಾರೆ.