ಶ್ರುತಿ ಹಿಡಿದವನ ಕೆನ್ನೆ

ಮೆರವಣಿಗೆಯ ಡಾಲ್ಬಿ ಕಾಟವೇನಿದ್ದರೂ ರಾತ್ರಿಯದು. ಅದನ್ನು ಬಯ್ಯಲು ಪೇಪರಿನವರಿದ್ದಾರೆ. ಚಿಕ್ಕೋಡಿಯ ನಮ್ಮ ಓಣಿಯಲ್ಲಿ ಇವತ್ತು ನಸುಕಿನಲ್ಲೇ ನನ್ನ ನಿದ್ದೆ ಕೆಡಿಸಿದ್ದು ಪಕ್ಕದ ಮನೆಯ ಹವಾಲ್ದಾರ ಕಾಕಾನ ಪೀಪಿ. ಪೀಪಿ ಅಂದರೆ ಅವರಿಗೆ ಸಿಟ್ಟು. ಅದು ಚಾಂಟರ್, ಬ್ಯಾಗ್‌ಪೈಪ್ ಕಲಿಯುವವರು ಚೀಲವಿಲ್ಲದೆ ಊದಿ ಕೈ ತಿದ್ದಿಕೊಳ್ಳುವ ಕೊಳವೆ. ಇರುವುದೇ ಒಂಬತ್ತು ಸ್ವರ. ಆ ಒಂಬತ್ತನ್ನೇ ಹತ್ತಿ ಇಳಿದು ಬೆಳಕು ಹರಿಸಿದರು.

"ಏನ್ ನಡಸೀರಿ ಕಾಕಾ?" ಅಂದೆ ಗೋಡೆಯ ಈಚೆಯಿಂದ.

"ಬೆಳಗಾವ್ಯಾಗ ನಮ್ಮ ಪಲ್ಟನ್ ಬ್ಯಾಂಡಿನ ಹಳೇ ಮಂದಿ ಕೂಡೋದೈತೋ. ನಿಪ್ಪಾಣಿಯಿಂದ ಡ್ರಮ್ಮಿನಂವ ಬರ್ತಾನ, ಅಥಣಿಯಂವ ಬರ್ತಾನ. ಅವರ ಮುಂದ ಉಸುರು ಸಿಕ್ಕೊಂಡರ ಮರ್ಯಾದಿ ಏನ್ ಉಳೀತು?"

ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಬೆಳಗಾವಿಯಲ್ಲಿದೆ ಎಂದು ಈ ಸೀಮೆಯವರಿಗೆ ಯಾರೂ ಹೇಳಬೇಕಾಗಿಲ್ಲ. ಅದರ ಮೊದಲ ಪಲ್ಟನ್, ಜಂಗೀ ಪಲ್ಟನ್, ಹುಟ್ಟಿದ್ದು 1768ರಲ್ಲಿ. ಶಿಸ್ತು, ಶೌರ್ಯದ ಮಾತು ಭಾಷಣಕಾರರಿಗಿರಲಿ. ನನಗೆ ಹಿಡಿಸಿದ್ದು ಬೇರೆ: ಆ ರೆಜಿಮೆಂಟಿನ ಬಿಲ್ಲೆಯ ಮೇಲೆ ಕಹಳೆ ಇದೆ. ಯುದ್ಧ ಬಂದರೆ ಬ್ಯಾಂಡಿನವರು ವಾದ್ಯ ಕೆಳಗಿಟ್ಟು ಗಾಯಾಳುಗಳ ಸ್ಟ್ರೆಚರ್ ಹೊರುತ್ತಾರೆ. ಊದುವುದಕ್ಕೂ ಹೊರುವುದಕ್ಕೂ ಒಂದೇ ಎದೆ. ಜನರಲ್ ಕಾರ್ಯಪ್ಪನವರ ಕಾಲದಲ್ಲಿ, 1950ರಲ್ಲಿ, ಪಚಮಡಿಯಲ್ಲಿ ಸೇನೆಯ ಸಂಗೀತ ಶಾಲೆ ಶುರುವಾಯಿತು. ಕೊಡಗಿನವರು ಕಟ್ಟಿಸಿದ ಸಂಗೀತ ಶಾಲೆ ಎಂದು ನಾವೇಕೆ ಹೆಮ್ಮೆಪಡುವುದಿಲ್ಲವೋ!

ಇರಲಿ. ಕಾಕಾ ನಿಜವಾದ ಬ್ಯಾಗ್‌ಪೈಪನ್ನೂ ಪೆಟ್ಟಿಗೆಯಿಂದ ತೆಗೆದು ತೋರಿಸಿದರು. ಕೀಲುಗಳಿಗೆ ಮೇಣ ತಿಕ್ಕಿದ ದಾರ ಸುತ್ತಿದ್ದಾರೆ, ಗಾಳಿ ಸೋರದಂತೆ. ಹೆಗಲ ಮೇಲೆ ಮೂರು ಕೊಳವೆ. ಮೂರಕ್ಕೂ ಒಂದೇ ಷಡ್ಜ, ದೊಡ್ಡದು ಮಾತ್ರ ಒಂದು ಸ್ಥಾಯಿ ಕೆಳಗೆ. ಅವು ರಾಗದ ಗೊಡವೆಗೆ ಹೋಗುವುದಿಲ್ಲ, ಸುಮ್ಮನೆ ಗುಂಯ್‌ಗುಡುತ್ತವೆ. ಅಂದರೆ ಶ್ರುತಿ!

ನನಗೆ ಶ್ರುತಿ ಹಿಡಿಯುವವರ ಮೇಲೆ ಮೊದಲಿನಿಂದಲೂ ಮರುಕ. ನಮ್ಮ ಕಡೆಯ ಮದುವೆಗಳಲ್ಲಿ ಸನಾದಿಯವನಿಗೆ ಶಾಲು, ಸಂಬಾಳದವನಿಗೆ ನೋಟು. ಪಕ್ಕದಲ್ಲಿ ಒಂದೇ ಸ್ವರಕ್ಕೆ ಕೆನ್ನೆ ಉಬ್ಬಿಸಿಕೊಂಡು ಅಕ್ಷತೆ ಬೀಳುವವರೆಗೂ ನಿಂತವನಿಗೆ ಏನು? ಅವನು ನಿಲ್ಲಿಸಿದರೆ ಮಾತ್ರ ಜನ ಅವನ ಕಡೆ ನೋಡುತ್ತಾರೆ. 1977ರ 'ಸನಾದಿ ಅಪ್ಪಣ್ಣ' ನೆನೆದರೆ ರಾಜಕುಮಾರ್ ಕಣ್ಣ ಮುಂದೆ, ಬಿಸ್ಮಿಲ್ಲಾ ಖಾನರ ಶಹನಾಯಿ ಕಿವಿಯಲ್ಲಿ. ಹಿಂದೆ ಶ್ರುತಿ ಕೊಟ್ಟವರು ಯಾರೆಂದು ಕೇಳಿ ನೋಡಿ, ಚಹಾದಂಗಡಿಯಲ್ಲಿ ನಿಮ್ಮನ್ನೇ ಹುಚ್ಚನೆನ್ನುತ್ತಾರೆ.

ಬ್ಯಾಗ್‌ಪೈಪಿನವನು ಈ ಅನ್ಯಾಯ ಬಗೆಹರಿಸಿಕೊಂಡಿದ್ದಾನೆ. ತನ್ನ ಶ್ರುತಿಯವನನ್ನು ತಾನೇ ಹೆಗಲ ಮೇಲೆ ಹೊತ್ತು ನಡೆಯುತ್ತಾನೆ. ಹತ್ತು ಮಂದಿ ಕೂಡಿದರೆ ಮೂವತ್ತು ಕೊಳವೆ ಒಂದಕ್ಕೊಂದು ಹೊಂದಬೇಕು. ಬಿಸಿಲೇರಿದರೆ ಮತ್ತೆ ಜಗಳ. ಕಾಕಾ ಕಾದಿರುವುದು ಹಾರಕ್ಕೂ ಅಲ್ಲ, ಊಟಕ್ಕೂ ಅಲ್ಲ, ಆ ಹೊಂದಿಸುವ ಗಳಿಗೆಗಂತೆ. "ಒಬ್ಬನ ಮನ್ಯಾಗ ಎಷ್ಟ್ ಊದಿದ್ರೂ ಅದು ಸಿಗಾಂಗಿಲ್ಲೋ" ಅಂದರು.

ಶ್ರುತಿ ಎಂದಕೂಡಲೇ ನನ್ನ ತಲೆ ಬೆಳಗಾವಿ ಬಿಟ್ಟು ಉತ್ತರಕ್ಕೆ ತಿರುಗಿತು. ಕಾಗವಾಡ ದಾಟಿದರೆ ಮಿರಜ. ಗಾಯಕ ಅಬ್ದುಲ್ ಕರೀಂ ಖಾನರು ನೆಲೆ ನಿಂತ ಊರು. ಅಲ್ಲಿಯ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ತಂಬೂರಿಯ ಬುರುಡೆ ಪಂಢರಪುರದ ಕಡೆ ಬೆಳೆಯುವ ದಪ್ಪ ಸೋರೆ. ಅದರ ಬೀಜ ತಂದು ಹಿತ್ತಲಲ್ಲಿ ಹಾಕಿದರೆ ಹೇಗೆ? ನಮ್ಮ ಕರಿಮಣ್ಣಿಗೆ ಬಂದರೂ ಬರಬಹುದು. ಪೂರಾ ಬಲಿತು ಒಣಗುವ ತನಕ ಮನೆಯವರು ಪಲ್ಯಕ್ಕೆಂದು ಕೊಯ್ಯದಂತೆ ಕಾಯಬೇಕು, ಅಷ್ಟೆ. ಅದೂ ಬೇಕಾಗಲಿಕ್ಕಿಲ್ಲ, ಆ ಸೋರೆ ಕಹಿ.